ಬಿದ್ದ ಮನೆಯ ತೊಲೆಯನ್ನು ಅಳೆದು ಮಾರೋಣ

ನಮ್ಮ ನವಲಗುಂದ, ಅಣ್ಣಿಗೇರಿ, ಕುಂದಗೋಳ ಭಾಗದ ಹಳ್ಳಿಗಳಲ್ಲಿ ಮಣ್ಣಿನ ಮೇಲ್ಮುದ್ದೆಯ ಮನೆಗಳು ಒಂದೊಂದಾಗಿ ಇಲ್ಲವಾಗುತ್ತಿವೆ. 2019ರ ಆಗಸ್ಟ್ ಮಳೆಗೆ ಬೆಣ್ಣಿಹಳ್ಳ ಉಕ್ಕಿದಾಗ ಎಷ್ಟೋ ಮನೆಗಳು ಬಿದ್ದವು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಆದರೆ ಮಣ್ಣಿನಡಿ ಸಿಕ್ಕಿದ ಕಂಬ, ತೊಲೆ, ಜಂತಿ, ಚೌಕಟ್ಟುಗಳ ಬೆಲೆ ಎಷ್ಟೆಂದು ಮನೆಯವರಿಗೆ ಹೇಳುವವರು ಯಾರೂ ಇರಲಿಲ್ಲ. ಇಂದಿಗೂ ಹಳೆ ಮನೆ ಕೆಡವಿದಲ್ಲೆಲ್ಲ ಇದೇ ಕಥೆ.

ವ್ಯಾಪಾರಿ ಬಂದು ತೊಲೆಗೆ ಕಾಲು ತಾಗಿಸಿ, ‘ಹುಳಾ ಹಿಡದಾವ್ರಿ ಯಜಮಾನ್ರ, ಒಲಿಗಷ್ಟ ಬರ್ತಾವು’ ಎನ್ನುತ್ತಾನೆ. ಒಟ್ಟಾಗಿ ಒಂದು ದರ ಹೇಳುತ್ತಾನೆ. ಮಳೆ ಸುರಿಯುತ್ತಿರುತ್ತದೆ, ಕೈಯಲ್ಲಿ ದುಡ್ಡಿರುವುದಿಲ್ಲ, ಮನೆಯವರು ಒಪ್ಪುತ್ತಾರೆ.

ಒಂದು ಸಣ್ಣ ಲೆಕ್ಕ ನೋಡಿ. 10 ಅಡಿ ಉದ್ದ, 6 ಇಂಚು ಅಗಲ, 6 ಇಂಚು ದಪ್ಪದ ತೊಲೆ ಎಂದರೆ ಎರಡೂವರೆ ಘನ ಅಡಿ. ಸಾಗವಾನಿಯಾದರೆ ತೂಕ ಸುಮಾರು 45 ಕೆ.ಜಿ. ಉರುವಲಿನ ದರದಲ್ಲಿ ಸಿಗುವುದು 45 ಕೆ.ಜಿ. ಕಟ್ಟಿಗೆಯ ಹಣ. ಅದೇ ತೊಲೆ ಸಾ ಮಿಲ್‌ನಲ್ಲಿ ಸೀಳಿಸಿಕೊಂಡು ಹಲಗೆಯಾದ ಮೇಲೆ ಘನ ಅಡಿ ಲೆಕ್ಕಕ್ಕೆ ಹೋಗುತ್ತದೆ. ಹಳೆಯದೆಂದು ಅದು ಕೀಳಲ್ಲ. ಹಸಿ ಮರ ಒಣಗುವಾಗ ಕುಗ್ಗುತ್ತದೆ, ಸೊಟ್ಟಗಾಗುತ್ತದೆ. ಐವತ್ತು ವರ್ಷ ಸೂರಿನಡಿ ಒಣಗಿದ ಮರಕ್ಕೆ ಆ ಭಯ ಕಡಿಮೆ. ನಮ್ಮ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲು ಸಾಗವಾನಿಯದೇ. ಅಜ್ಜಿ ಮಲಗಿದ ತೊಟ್ಟಿಲಲ್ಲೇ ಮೊಮ್ಮಗಳನ್ನೂ ತೂಗುವ ಮನೆಗಳಿವೆ.

ಹಾಗೆಂದು ವ್ಯಾಪಾರಿಯನ್ನು ಕಳ್ಳನೆನ್ನಲಾರೆ. ಗಾಡಿ ಬಾಡಿಗೆ ಅವನದು, ಒಳಗೆ ಉಳಿದ ಒಂದು ಮೊಳೆಯಿಂದ ಗರಗಸದ ಹಲ್ಲು ಮುರಿದರೆ ನಷ್ಟವೂ ಅವನದು. ಎಲ್ಲ ತೊಲೆಯೂ ಸಾಗವಾನಿಯಲ್ಲ. ಎರೆ ನಾಡಿನ ಮನೆಗಳಲ್ಲಿ ಬೇವು, ಜಾಲಿಯೂ ಇರುತ್ತವೆ. ಗೋಡೆಯೊಳಗಿದ್ದ ತುದಿ ಗೆದ್ದಲು ತಿಂದಿರಬಹುದು. ಅವನಿಗೆ ಲಾಭ ಸಿಗಲಿ. ಆದರೆ ಮಾರುವವನಿಗೂ ತನ್ನ ಮಾಲು ಏನೆಂದು ಗೊತ್ತಿರಲಿ.

ಇಲ್ಲಿ ನಮ್ಮಂಥ ವಿದ್ಯಾರ್ಥಿಗಳಿಗೆ ಕೆಲಸವಿದೆ. ಊರಲ್ಲಿ ಮನೆ ಕೆಡವುವಾಗ ಒಂದು ಟೇಪು, ಒಂದು ನೋಟ್‌ಬುಕ್ ಹಿಡಿದು ಹೋಗೋಣ. ಯಾವ ಮರವೆಂದು ಊರ ಬಡಿಗೇರರನ್ನು ಕೇಳಿ, ಪ್ರತಿ ತುಂಡಿನ ಅಳತೆ ಬರೆಯೋಣ. ಮೊಳೆ ಕಿತ್ತು, ನೆಲಕ್ಕೆ ತಾಗದಂತೆ ಕಲ್ಲಿನ ಮೇಲೆ ಒಟ್ಟಿ, ತಾಡಪತ್ರಿ ಹೊದಿಸಿದರೆ ಮರವೂ ಉಳಿಯುತ್ತದೆ, ಮಾರುವ ಅವಸರವೂ ತಪ್ಪುತ್ತದೆ. ಒಳ್ಳೆಯ ತುಂಡು ಮೊದಲು ಹೊಸ ಮನೆಯ ಚೌಕಟ್ಟಿಗಾಗಲಿ. ಉಳಿದದ್ದಕ್ಕೆ ಮೂವರು ವ್ಯಾಪಾರಿಗಳಿಂದ ದರ ಕೇಳೋಣ. ಸಾಗವಾನಿ ಸಾಗಿಸುವ ಮುನ್ನ ಅರಣ್ಯ ಇಲಾಖೆಯಲ್ಲಿ ವಿಚಾರಿಸುವುದು ಮರೆಯಬಾರದು.

ಪಂಚಾಯಿತಿಯವರು ಒಂದು ತಗಡಿನ ಶೆಡ್ ಕೊಟ್ಟರೆ, ಐಟಿಐ, ಡಿಪ್ಲೊಮಾ ಮುಗಿಸಿ ಹುಬ್ಬಳ್ಳಿ ಬಸ್ಸು ಕಾಯುತ್ತಿರುವ ನಾಲ್ಕು ಹುಡುಗರಿಗೆ ಇದೇ ಒಂದು ಉದ್ಯೋಗವಾದೀತು. ಘನ ಅಡಿ ಲೆಕ್ಕ ನಮಗೆ ಕಲಿಸಿದ್ದು ಪರೀಕ್ಷೆಗಷ್ಟೇ ಅಲ್ಲವಲ್ಲ!