ಹೋಲಿಕೆಯೇ ನಂಟಲ್ಲ

ದಕ್ಷಿಣ ಆಫ್ರಿಕದ ಜೂಲು ಭಾಷೆಯಲ್ಲಿ ‘ಇಂಡೂನ’ ಎಂಬ ಮಾತುಂಟು. ವಂಶಪರಂಪರೆಯಿಂದ ಬರುವ ಅರಸನು ‘ಇಂಕೋಸಿ’. ಅವನ ಪರವಾಗಿ ಊರನ್ನೋ ದಂಡನ್ನೋ ನಡೆಸಲು ನೇಮಕಗೊಂಡ ಮುಖ್ಯಸ್ಥನು ಇಂಡೂನ. 1879ರ ಜನವರಿ 22ರಂದು ಇಸಾಂಡ್ಲ್ವಾನ ಬೆಟ್ಟದಡಿಯಲ್ಲಿ ಆಂಗ್ಲ ಪಡೆಯನ್ನು ಸೋಲಿಸಿದ ಜೂಲು ಸೈನ್ಯದ ನಾಯಕರೂ ಇಂಡೂನರೇ.

ಈ ಪದವನ್ನು ಕೇಳಿದೊಡನೆ ನಮ್ಮ ‘ಧಣಿ’ಯ ನೆನಪಾದರೆ ಆಶ್ಚರ್ಯವಿಲ್ಲ. ಸ್ಪೇನಿನವರು ಗಣ್ಯರನ್ನು ‘ಡಾನ್’ ಎನ್ನುತ್ತಾರೆ. ಜಪಾನಿನಲ್ಲಿ ಒಡೆಯನು ‘ದನ್ನ’. ನಾಲ್ಕೂ ಒಂದೇ ಬಳ್ಳಿಯ ಕಾಯಿಗಳೆಂದು ಸಾರಿಬಿಡಲು ಇನ್ನೇನು ಬೇಕು?

ಆದರೆ ಒಂದೊಂದರ ತವರನ್ನೂ ವಿಚಾರಿಸೋಣ. ಧಣಿಗೆ ಸಂಸ್ಕೃತದ ‘ಧನ’ವೇ ಮೂಲ, ಹಣವುಳ್ಳವನು ಒಡೆಯನಾದನು. ಡಾನ್ ಲ್ಯಾಟಿನ್ ಭಾಷೆಯ ‘ಡೊಮಿನಸ್’ನಿಂದ ಬಂದುದು, ಅದರ ಬೇರು ಮನೆ ಎಂಬರ್ಥದ ‘ಡೊಮುಸ್’. ದನ್ನವಾದರೋ ಬೌದ್ಧಧರ್ಮದೊಡನೆ ಚೀನದ ಮಾರ್ಗವಾಗಿ ಜಪಾನನ್ನು ಸೇರಿದ ನಮ್ಮ ‘ದಾನ’ವೇ! ದಾನಿಯು ಪೋಷಕನಾಗಿ, ಒಡೆಯನಾಗಿ, ಕೊನೆಗೆ ಗೃಹಿಣಿಯರ ಬಾಯಲ್ಲಿ ಪತಿಯೂ ಆದನು. ಯಜ್ಞ ಮಾಡಿಸುತ್ತಿದ್ದ ಯಜಮಾನನು ನಮ್ಮ ಮನೆಗಳಲ್ಲಿ ‘ನಮ್ಮ ಯಜಮಾನರು’ ಆಗಲಿಲ್ಲವೇ, ಹಾಗೆ.

ಇಂಡೂನನ ನಿಜವಾದ ಬಂಧುಗಳು ನೆರೆಯಲ್ಲಿಯೇ ಇದ್ದಾರೆ. ಸ್ವಾಜಿ ಭಾಷೆಯಲ್ಲಿ ಅವನು ‘ಇಂಡ್ವೂನ’. ಸೋಥೊ ಭಾಷೆಯಲ್ಲಿ ‘ಟೋನ’. ಲೆಸೋಥೊ ದೇಶದ ಪ್ರಧಾನಮಂತ್ರಿಯನ್ನು ‘ಟೋನ-ಖೋಲೊ’, ಎಂದರೆ ಹಿರಿಯ ಟೋನ, ಎಂದೇ ಕರೆಯುತ್ತಾರೆ. ಮೇಲುನೋಟಕ್ಕೆ ಧಣಿಗಿಂತಲೂ ದೂರದವನಂತೆ ತೋರುವ ಈ ಟೋನನನ್ನು ಬಂಧುವೆಂದು ನಂಬುವುದೆಂತು? ಹಸಿವಿಗೆ ಜೂಲುವಿನಲ್ಲಿ ‘ಇಂಡ್ಲಾಲ’, ಸೋಥೊದಲ್ಲಿ ‘ಟ್ಲಾಲ’. ಮೊದಲಿನ ‘ಇಂ’ ಬಿದ್ದುಹೋಗಿ ಡಕಾರವು ಟಕಾರವಾಗುವ ಕ್ರಮ ಇಲ್ಲಿಯೂ ಅದೇ. ತಮಿಳಿನ ‘ಪಾಲ್’ ನಮ್ಮಲ್ಲಿ ಹಾಲಾಗಿ, ‘ಪುಲಿ’ ಹುಲಿಯಾಗಿ, ‘ಪೂ’ ಹೂವಾಗಿರುವಂತೆಯೇ ಇದು. ಹೀಗೆ ಪದದಿಂದ ಪದಕ್ಕೆ ತಪ್ಪದೆ ನಡೆಯುವ ನಿಯಮವೇ ನಂಟಿಗೆ ಸಾಕ್ಷಿ. ಒಂದೆರಡು ಅಕ್ಷರಗಳ ಹೋಲಿಕೆಯಲ್ಲ.

ಸದ್ದಿನ ಸಾಮ್ಯವೊಂದನ್ನೇ ಹಿಡಿದು ‘ಜಗತ್ತಿನ ಮಾತುಗಳೆಲ್ಲ ನಮ್ಮಿಂದಲೇ ಹೋದವು’ ಎಂದು ಹಿಗ್ಗುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಅದರಿಂದ ನಮ್ಮ ನುಡಿಯ ಹಿರಿಮೆ ಹೆಚ್ಚುವುದಿಲ್ಲ. ಇನ್ನೊಂದು ಜನಾಂಗವು ಹಿರಿಯರಿಂದ ಪಡೆದ ಸೊತ್ತನ್ನು ನಾವು ಕಿತ್ತುಕೊಂಡಂತಾಗುತ್ತದೆ, ಅಷ್ಟೇ. ಜಪಾನಿನ ದನ್ನನನ್ನು ನಮ್ಮವನೆಂದು ಧಾರಾಳವಾಗಿ ಹೇಳಿಕೊಳ್ಳೋಣ, ಅದಕ್ಕೆ ಆಧಾರವಿದೆ. ಇಂಡೂನನನ್ನು ಮಾತ್ರ ಜೂಲು ಜನರಿಗೇ ಬಿಟ್ಟುಕೊಡೋಣ.