ಎಚ್ಚರಿಕೆಯ ಗಂಟೆ ಯಾರಿಗೆ ಕೇಳಿಸಬೇಕು?

ಮನೆಯಿಂದಲೇ ಕಚೇರಿಯ ಗಣಕಯಂತ್ರವನ್ನು ತೆರೆದು ಲೆಕ್ಕ ಬರೆಯುವ ಪದ್ಧತಿ ಸಣ್ಣ ಉದ್ದಿಮೆಗಳಲ್ಲಿಯೂ ಬೇರೂರಿದೆ. ಇದಕ್ಕೆ ಬಳಸುವ ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್‌ನ 3389ನೇ ಪೋರ್ಟ್ ಅಂತರಜಾಲಕ್ಕೆ ನೇರವಾಗಿ ತೆರೆದಿದ್ದರೆ, ಪಾಸ್‌ವರ್ಡ್ ಊಹಿಸುವ ಯಾಂತ್ರಿಕ ಪ್ರಯತ್ನಗಳು ಹಗಲಿರುಳೂ ನಡೆಯುತ್ತವೆ.

ಅವುಗಳನ್ನು ಪತ್ತೆ ಹಚ್ಚುವ ತಂತ್ರಾಂಶವನ್ನು ಕೊಂಡ ಮಾತ್ರಕ್ಕೆ ಹೊಣೆ ತೀರದು. ಅದನ್ನು ಸರಿಯಾಗಿ ಹೊಂದಿಸುವುದೇ ಮುಖ್ಯ. ವಿಫಲ ಲಾಗಿನ್‌ಗಳು ವಿಂಡೋಸ್‌ನ ಭದ್ರತಾ ಲಾಗ್‌ನಲ್ಲಿ 4625 ಎಂಬ ಸಂಖ್ಯೆಯಡಿ, ಯಶಸ್ವಿಯಾದವು 4624ರಡಿ ನಮೂದಾಗುತ್ತವೆ. ವೈಫಲ್ಯಗಳ ಸಾಲಿನ ಹಿಂದೆಯೇ ಒಂದು ಯಶಸ್ಸು ಕಂಡುಬಂದರೆ ತಕ್ಷಣ ಎಚ್ಚರಿಕೆ ಬರುವಂತಿರಬೇಕು. ಲಾಗ್ ತುಂಬಿದಂತೆ ಹಳೆಯ ನಮೂದುಗಳು ಅಳಿಯುವುದರಿಂದ ಅದರ ಗಾತ್ರ ಹೆಚ್ಚಿಸಿ, ಪ್ರತಿಯನ್ನು ಬೇರೆಡೆ ಕಾಪಿಡುವುದು ಅವಶ್ಯ. ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನದಂತೆ ಕಂಪನಿಗಳು ಲಾಗ್‌ಗಳನ್ನು 180 ದಿನ ಇಡಬೇಕು. ಅನಧಿಕೃತ ಪ್ರವೇಶವು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು.

ಆದರೆ ಎಚ್ಚರಿಕೆಯ ಸಂದೇಶ ಯಾರಿಗೆ ಹೋಗುತ್ತದೆ? ಬಹುತೇಕ ಕಡೆ ತಂತ್ರಾಂಶ ಅಳವಡಿಸಿದ ಸೇವಾದಾರರಿಗೆ ಮಾತ್ರ. ಒಳಬರುವ ಕೀಲಿಯೂ ಅವರದೇ, ಕಾವಲೂ ಅವರದೇ ಎಂದಾದರೆ ತಪಾಸಣೆಗೆ ಅರ್ಥವಿಲ್ಲ. ನಗದು ಹಿಡಿಯುವವರೇ ನಗದು ಪುಸ್ತಕವನ್ನು ತಾಳೆ ನೋಡಬಾರದೆಂಬ ಹಳೆಯ ನಿಯಮ ಇಲ್ಲಿಯೂ ಸಲ್ಲುತ್ತದೆ. ಆ ಸಂದೇಶ ಮಾಲೀಕರಿಗೂ ತಲುಪಲಿ. ವಾರಕ್ಕೊಮ್ಮೆಯಾದರೂ ಅವರು ಲಾಗ್ ಮೇಲೆ ಕಣ್ಣಾಡಿಸಲಿ.