ಬಿಸಿನೀರಿನ ಕೆರೆಯೂ ನಮ್ಮ ಬೋರುಗಳೂ

ಪ್ರತಿ ಸಂಚಿಕೆಯ ಈ ಪುಟದಲ್ಲಿ ಗೊಬ್ಬರದ ದಾಸ್ತಾನು, ಅಡಿಕೆ ಧಾರಣೆ, ಸಾಲದ ಬಾಕಿ ಇವುಗಳನ್ನೇ ಓದಿ ಸದಸ್ಯ ಬಾಂಧವರಿಗೆ ಬೇಸರ ಬಂದಿರಬಹುದು. ಈ ಸಲ ಒಂದು ಪ್ರವಾಸದ ಸಂಗತಿ ಬರೆಯುತ್ತಿದ್ದೇವೆ. ಆದರೆ ಇದೂ ಕೊನೆಗೆ ಸಂಘದ ಕೆಲಸಕ್ಕೇ ಬಂದು ಮುಟ್ಟುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಮ್ಮ ಮಗಳು ಹಂಗೇರಿ ದೇಶದ ಬುಡಾಪೆಸ್ಟಿನಲ್ಲಿ ಕೆಲಸದಲ್ಲಿದ್ದಾಳೆ. 2024ರ ಜೂನ್ ಕೊನೆಯಲ್ಲಿ, ಅಡಿಕೆಗೆ ಮೊದಲ ಸಲದ ಬೋರ್ಡೋ ಹೊಡೆಸಿ ಮುಗಿಸಿ, ಮಳೆ ಹಿಡಿದುಕೊಂಡ ಮೇಲೆ ಮನೆಯವರೊಡನೆ ಅಲ್ಲಿಗೆ ಹೋಗಿದ್ದೆವು. ಸೊಂಟನೋವಿನವರು ನೋಡಲೇಬೇಕಾದ ಊರೆಂದು ಮಗಳು ನಮ್ಮನ್ನು ಹೇವೀಜ್ ಎಂಬಲ್ಲಿಗೆ ಕರೆದುಕೊಂಡು ಹೋದಳು. ಹೆಸರಿನ ಅರ್ಥವೇ ಬಿಸಿನೀರು. ಬಾಲಾಟನ್ ಎಂಬ ದೊಡ್ಡ ಸರೋವರದ ಪಶ್ಚಿಮ ತುದಿಯಿಂದ ಆರೇಳು ಕಿಲೋಮೀಟರು ದೂರದಲ್ಲಿರುವ ಸಣ್ಣ ಊರು ಅದು. ವಸತಿಗೃಹ, ಔಷಧಿ ಅಂಗಡಿ, ಹೂವಿನ ಪಾತಿ, ಕೋಲೂರಿಕೊಂಡು ನಡೆಯುವ ವಯಸ್ಸಾದವರು, ಇಷ್ಟೇ. ಊರಿನ ಅನ್ನವೆಲ್ಲ ಒಂದು ಕೆರೆಯಿಂದ ಬರುತ್ತದೆ.

ಆ ಕೆರೆ ಸುಮಾರು ಹನ್ನೊಂದು ಎಕರೆಯಷ್ಟಿದೆ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಕೆರೆಗಳು ಬೇಕಾದಷ್ಟಿವೆ. ಆದರೆ ಅದರ ಆಳ 38 ಮೀಟರು. ತಳದಲ್ಲೊಂದು ಗುಹೆಯಿದ್ದು, ಅದರೊಳಗೆ ಬಿಸಿನೀರಿನ ಒರತೆಯೂ ತಣ್ಣೀರಿನ ಒರತೆಯೂ ಬೆರೆತು ಮೇಲಕ್ಕೆ ಉಕ್ಕುತ್ತವೆ. ಮುಳುಗುಗಾರರು ಆ ಗುಹೆಯನ್ನು ಹೊಕ್ಕು ನೋಡಿದ್ದು 1975ರಲ್ಲಿ. ಈಗ ಸೆಕೆಂಡಿಗೆ ಸುಮಾರು 400 ಲೀಟರು ನೀರು ಬರುತ್ತದಂತೆ; ದಿನಕ್ಕೆ ಮೂರೂವರೆ ಕೋಟಿ ಲೀಟರಿನ ಆಸುಪಾಸು. ಮೂರು ದಿನಕ್ಕೊಮ್ಮೆ ಕೆರೆಯ ನೀರೆಲ್ಲ ಹೊಸದಾಗುತ್ತದೆ. ಚಳಿಗಾಲದಲ್ಲಿ ಸುತ್ತಮುತ್ತ ಹಿಮ ಬಿದ್ದಿದ್ದರೂ ಜನ ಇದರಲ್ಲಿ ಈಜುತ್ತಾರೆ.

ಕೆರೆಯ ನಡುವೆ ಕಂಬಗಳ ಮೇಲೆ ನಿಂತ ಮರದ ಸ್ನಾನಗೃಹವಿದೆ. ಜನ ರಬ್ಬರಿನ ಬಳೆಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಮಾತಿಲ್ಲದೆ, ಗಂಟೆಗಟ್ಟಲೆ ತೇಲುತ್ತಿರುತ್ತಾರೆ. ನಾವೂ ಇಳಿದೆವು. ದಿನವೂ ಹಂಡೆಯ ಸುಡುನೀರು ಮೈಗೆ ಹೊಯ್ದುಕೊಳ್ಳುವ ಮಲೆನಾಡಿನವರಿಗೆ ಅದು ಉಗುರುಬೆಚ್ಚಗಿನ ನೀರು. ದಡದಲ್ಲಿ ಕುಳಿತು ಕೈ ಅದ್ದಿ ನೋಡಿದ ನಮ್ಮ ಮನೆಯವರು, "ಇನ್ನೆರಡು ಕುಂಟೆ ಒಲೆಗೆ ಇಡಬೇಕಿತ್ತು" ಎಂದರು. ಆದರೂ ಮೂವತ್ತು ವರ್ಷ ಜೀಪಿನಲ್ಲಿ ಕುಲುಕಿದ ಸೊಂಟಕ್ಕೆ ಹಿತವಾದದ್ದು ಸುಳ್ಳಲ್ಲ. ರೋಗಿಗಳನ್ನು ನೀರಿನಲ್ಲಿ ತೂಗುಹಾಕಿ ಬೆನ್ನೆಲುಬನ್ನು ಎಳೆದು ಸಡಿಲಿಸುವ ಚಿಕಿತ್ಸೆಯೂ ಅಲ್ಲಿದೆ. ಮೋಲ್ ಕಾರೋಯ್ ಎಂಬ ವೈದ್ಯರು 1953ರಲ್ಲಿ ರೂಪಿಸಿದ್ದು. ಅದಕ್ಕೆ ಕೊರಳು ಕೊಡುವ ಧೈರ್ಯ ನಮಗೆ ಬರಲಿಲ್ಲ.

ನೀರಿನ ಮೇಲೆ ಕೆಂಪು ನೈದಿಲೆ ಅರಳಿತ್ತು. ಎಲ್ಲೋ ನೋಡಿದ ಹೂವಲ್ಲವೇ ಎಂದು ವಿಚಾರಿಸಿದರೆ, ಮೂಲ ನಮ್ಮ ಭಾರತವೇ! ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಲೋವಾಸಿ ಶಾಂಡೋರ್ ಎಂಬ ಪ್ರಾಧ್ಯಾಪಕರು ತಂದು ನೆಟ್ಟರಂತೆ. ಅವರು ಪಾಠ ಹೇಳುತ್ತಿದ್ದುದು ಪಕ್ಕದ ಕೆಸ್ತ್‌ಹೆಯ್ ಊರಿನ ಕೃಷಿ ವಿದ್ಯಾಲಯದಲ್ಲಿ. ಆ ಊರಿನಲ್ಲಿ ಕೃಷಿ ಶಿಕ್ಷಣಕ್ಕೆ ಬುನಾದಿ ಹಾಕಿದವನು ಫೆಶ್ಟೆಟಿಚ್ ಎಂಬ ಜಮೀನುದಾರ. 1797ರಲ್ಲಿ ಅವನು ತೆರೆದ ಗೆಯೋರ್ಗಿಕೋನ್ ಶಾಲೆ ಯೂರೋಪಿನ ಅತ್ಯಂತ ಹಳೆಯ ಕೃಷಿ ಕಾಲೇಜುಗಳಲ್ಲೊಂದು. ಈ ಕೆರೆಯ ಸ್ನಾನಘಟ್ಟವನ್ನು ಮೊದಲು ಕಟ್ಟಿಸಿದವನೂ ಅವನೇ. ಕೆರೆಯ ಸುತ್ತ ನೂರಿಪ್ಪತ್ತು ಎಕರೆಗೂ ಮಿಕ್ಕಿ ಕಾಡು ಬೆಳೆಸಿದ್ದಾರೆ. ಗಾಳಿ ಬೀಸಿ ನೀರು ಬೇಗ ತಣಿಯದಂತೆ ಈ ಮರಗಳು ತಡೆಯುತ್ತವೆ. ಮರಗಸಿ ಮಾಡಿಸುವಾಗ ಪಡುವಣದ ಸಾಲನ್ನು ಮುಟ್ಟಬೇಡಿ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ನೆನಪಾಯಿತು.

ಇಷ್ಟಕ್ಕೇ ಮುಗಿದಿದ್ದರೆ ನಾವು ಇದನ್ನು ಬರೆಯುತ್ತಿರಲಿಲ್ಲ.

ಈ ಕೆರೆ ಒಮ್ಮೆ ಬತ್ತುವ ದಾರಿ ಹಿಡಿದಿತ್ತು. ಅಲ್ಲಿಂದ ಸುಮಾರು ಮೂವತ್ತು ಕಿಲೋಮೀಟರು ದೂರದ ನಿರಾಡ್ ಎಂಬಲ್ಲಿ ಬಾಕ್ಸೈಟ್ ಗಣಿಯಿತ್ತು. ಅದಿರು ಸಿಗುತ್ತಿದ್ದುದು ಅಂತರ್ಜಲದ ಮಟ್ಟಕ್ಕಿಂತ ಕೆಳಗೆ; ಹಾಗಾಗಿ ಹಗಲೂ ರಾತ್ರಿ ನೀರನ್ನು ಮೇಲೆತ್ತಿ ಹೊರಕ್ಕೆ ಬಿಡಬೇಕಾಗಿತ್ತು. ಆ ಪ್ರದೇಶದ ನೆಲವೆಲ್ಲ ಸುಣ್ಣಕಲ್ಲಿನ ಜಾತಿಯದು. ಒಳಗೊಳಗೇ ಸೀಳು, ಪೊಟರೆ, ಓಣಿಗಳು ಒಂದಕ್ಕೊಂದು ಕೂಡಿಕೊಂಡಿವೆ. ಗಣಿಯಲ್ಲಿ ಎತ್ತಿದ ನೀರು ಕೆರೆಯ ಒರತೆಯ ಬುಡಕ್ಕೇ ಕೈಹಾಕಿತು. ಮೊದಲು ಸೆಕೆಂಡಿಗೆ 500 ಲೀಟರಿಗೂ ಮೇಲೆ ಇದ್ದ ಒರತೆ 1980ರ ದಶಕದ ಹೊತ್ತಿಗೆ 300ರ ಸುಮಾರಿಗೆ ಇಳಿಯಿತು. ಗಣಿಯೆಂದರೆ ದೇಶಕ್ಕೆ ಅಲ್ಯೂಮಿನಿಯಂ, ಸಾವಿರಾರು ಮಂದಿಗೆ ಸಂಬಳ. ಕೆರೆಯೆಂದರೆ ಮುದುಕರ ಕೀಲುನೋವು. ವರ್ಷಗಟ್ಟಲೆ ವಾದ ನಡೆದು, ಕೊನೆಗೆ 1990ರಲ್ಲಿ ಅಲ್ಲಿ ನೀರೆತ್ತುವುದನ್ನು ನಿಲ್ಲಿಸಿದರು. ಪಂಪು ನಿಲ್ಲಿಸುವುದು ಒಂದು ದಿನದ ಕೆಲಸ. ನೀರು ಮೇಲೆ ಬರುವುದಕ್ಕೆ ಮಾತ್ರ ದಶಕಗಳೇ ಬೇಕಾದವು. ಒರತೆ ಇನ್ನೂ ಮೊದಲಿನ ಲೆಕ್ಕಕ್ಕೆ ಮುಟ್ಟಿಲ್ಲ.

ನಮ್ಮ ಕಡೆಯೂ ಒಂದು ಬಿಸಿನೀರಿನ ಒರತೆಯಿದೆ. ಘಟ್ಟದ ಕೆಳಗೆ ಪುತ್ತೂರು ತಾಲ್ಲೂಕಿನ ಇರ್ದೆಯ ಬೆಂದ್ರುತೀರ್ಥ. ತುಳುವಿನಲ್ಲಿ ಆ ಹೆಸರಿಗೂ ಬಿಸಿನೀರೆಂದೇ ಅರ್ಥ. ಸುತ್ತಲೂ ನಮ್ಮಂಥವರ ಅಡಿಕೆ ತೋಟಗಳು. ಅದರ ನೀರೂ ಬಿಸಿಯೂ ಕುಗ್ಗಿರುವುದು ಪತ್ರಿಕೆಗಳಲ್ಲಿ ಹಲವು ಸಲ ಬಂದಿದೆ. ಸ್ಥಳೀಯರು ಬೆರಳು ತೋರಿಸುವುದು ಕೊಳವೆ ಬಾವಿಗಳ ಕಡೆಗೆ.

ನಮ್ಮದು ಸುಣ್ಣಕಲ್ಲಿನ ನೆಲವಲ್ಲ, ಕರಿಬಂಡೆಯ ನೆಲ, ಇಲ್ಲಿ ಹೊಡೆದ ಬೋರು ಮೂವತ್ತು ಕಿಲೋಮೀಟರು ದೂರ ಮುಟ್ಟುವುದಿಲ್ಲ ಎಂದು ತಿಳಿದವರು ಹೇಳಬಹುದು. ಒಪ್ಪುತ್ತೇವೆ. ಆದರೆ ಬಂಡೆಯ ಬಿರುಕು ಪಕ್ಕದವರ ಬೇಲಿಯನ್ನು ಕೇಳಿಕೊಂಡು ನಿಲ್ಲುವುದಿಲ್ಲ. 2016ರ ಬರಗಾಲದಲ್ಲಿ ನಾವು ಮೇಲಿನ ತೋಟದ ತಲೆಯಲ್ಲಿ ನಾನೂರು ಅಡಿಯ ಬೋರು ಹೊಡೆಸಿದೆವು. ಎರಡಿಂಚು ನೀರು ಬಿತ್ತು, ತೆಂಗಿನಕಾಯಿ ಒಡೆದೆವು. ಮರುವರ್ಷ ಮಾರ್ಚಿಯಲ್ಲಿ ಕೆಳಗಿನ ಮನೆಯವರ ಅಬ್ಬಿ ನಿಂತಿತು. ಅವರ ಅಜ್ಜನ ಕಾಲದಿಂದ ಬೇಸಗೆಯಲ್ಲೂ ಕೊಟ್ಟಿಗೆಯ ತನಕ ಹರಿದು ಬರುತ್ತಿದ್ದ ನೀರು ಅದು. ಅವರು ನಮ್ಮನ್ನು ಒಂದು ಮಾತೂ ಕೇಳಲಿಲ್ಲ. ಡ್ರಮ್ಮು ಕಟ್ಟಿದ ಪಿಕಪ್ಪು ದಿನವೂ ನಮ್ಮ ಗೇಟಿನ ಮುಂದೆಯೇ ಹೋಗುತ್ತಿತ್ತು.

ಹೂಮಳೆ ಕೈಕೊಟ್ಟರೆ ರೊಬಸ್ಟಾಕ್ಕೆ ಸ್ಪ್ರಿಂಕ್ಲರು ಹಾಕದೆ ವಿಧಿಯಿಲ್ಲ ಎಂಬುದು ನಮಗೂ ಗೊತ್ತು. ಬೋರಿನ ಸಾಲದ ಅರ್ಜಿಗೆ ಸಹಿ ಹಾಕುವವರೂ ನಾವೇ. ಆದ್ದರಿಂದ ಕೇಳುವುದಿಷ್ಟು. ಸಾಲಕ್ಕೆ ಬರುವ ಸದಸ್ಯರು ಅದೇ ಇಳಿಜಾರಿನಲ್ಲಿ ಕೆಳಗಿರುವವರನ್ನು ಒಮ್ಮೆ ಕೂರಿಸಿಕೊಂಡು ಮಾತಾಡಿ ಬರಲಿ. ಪ್ರತಿಯೊಬ್ಬರೂ ಜನವರಿಯಲ್ಲೊಮ್ಮೆ, ಮೇ ತಿಂಗಳಲ್ಲೊಮ್ಮೆ ತಮ್ಮ ತೆರೆದ ಬಾವಿಗೆ ಹಗ್ಗ ಬಿಟ್ಟು ನೀರೆಷ್ಟು ಅಡಿಯಲ್ಲಿದೆ ಎಂದು ಸಂಘಕ್ಕೆ ತಿಳಿಸಲಿ. ಹೇವೀಜಿನವರಿಗೆ ತಮ್ಮ ಒರತೆ ಎಷ್ಟು ಕುಸಿಯಿತೆಂದು ಹೇಳಲು ಸಾಧ್ಯವಾದದ್ದು ಅಳೆದಿಟ್ಟ ಲೆಕ್ಕವಿದ್ದುದರಿಂದ. ನಮ್ಮಲ್ಲಿ ಇರುವುದು, ಮೊದಲೆಲ್ಲ ನೀರು ಚೆನ್ನಾಗಿತ್ತು ಎಂಬ ಮಾತು ಮಾತ್ರ.

ಆಡಳಿತ ಮಂಡಳಿಯಲ್ಲಿ ಈ ವಿಷಯ ಎತ್ತಿದಾಗ ಹಿರಿಯ ನಿರ್ದೇಶಕರೊಬ್ಬರು, "ಸ್ವಾಮೀ, ತಮ್ಮ ಬೋರಿಗೆ ನೀರು ಬಿದ್ದಾಗಿದೆ, ಈಗ ನಮಗೆ ಹಗ್ಗ ಬಿಡಿ ಎನ್ನುತ್ತೀರಿ" ಎಂದರು. ಎಲ್ಲರೂ ನಕ್ಕರು, ನಾವೂ ನಕ್ಕೆವು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಮರುದಿನ ಒಂದು ಹೊಸ ಪುಸ್ತಕ ತರಿಸಿ ಮೊದಲ ಸಾಲಿನಲ್ಲಿ ನಮ್ಮ ಬೋರಿನ ಆಳ, ಹೊಡೆಸಿದ ವರ್ಷ, ದಿನಕ್ಕೆ ಎಷ್ಟು ತಾಸು ಪಂಪು ಓಡುತ್ತದೆ, ಕೆಳಗಿನವರ ಅಬ್ಬಿ ನಿಂತದ್ದು ಯಾವಾಗ, ಇಷ್ಟನ್ನೂ ಬರೆದಿದ್ದೇವೆ. ಪುಸ್ತಕ ಕಚೇರಿಯಲ್ಲಿ ಗುಮಾಸ್ತರ ಮೇಜಿನ ಮೇಲಿದೆ. ಸೋಮವಾರ ಸಂತೆಗೆ ಬಂದವರು ಒಳಗೆ ಬಂದು ನೋಡಬಹುದು. ಎರಡನೆಯ ಸಾಲು ಇನ್ನೂ ಖಾಲಿಯಿದೆ.